ಹೊಸ ಸಂಘದಲ್ಲಿ ಮೊದಲ ಜಗಳ

(ಬೀಜಾಡಿಯ ಹೊಸ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ)



ಸಂಘ ಆರಂಭಿಸಿದ ದಿನ ಎಲ್ಲರೂ ನಗುನಗುತ್ತಾ ಕೂರುತ್ತೇವೆ, ಯಾರೂ ಎದುರು ಮಾತಾಡುವುದಿಲ್ಲ. ಮೂರ್ನಾಲ್ಕು ತಿಂಗಳಾಗುವಾಗ "ಅವ್ಳ್ ತಡ ಮಾಡ್ರೆ ನಾವ್ ಎಂತಕ್ ಕಾಯ್ಕ್?" ಎಂಬ ಮಾತು ಶುರು. ಹೀಗಾಯಿತೆಂದು ಸಂಘ ಕೆಟ್ಟಿತು ಎಂದುಕೊಳ್ಳಬೇಡಿ. ಅಮೇರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪಿನ ಬೆಳವಣಿಗೆಯಲ್ಲಿ ನಾಲ್ಕು ಹಂತ ಗುರುತಿಸಿದರು. ಅದರಲ್ಲಿ ಎರಡನೆಯದೇ ತಿಕ್ಕಾಟ. ಕಟ್ಟುಪಾಡು, ಒಳ್ಳೆಯ ಕೆಲಸ ಎಲ್ಲ ಅದರ ನಂತರ.

ನಮ್ಮ ರಾಜ್ಯದಲ್ಲಿ ಇಂತಹ ಸಂಘಗಳು ಬೆಳೆದದ್ದೇ ಒಂದು ಒಡಕಿನಿಂದ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಅವುಗಳ ಮೇಲೆ ನಂಬಿಕೆ ಕಳಕೊಂಡ ಸದಸ್ಯರು ಸಣ್ಣ ಗುಂಪುಗಳಾಗಿ ಬಂದು ಸಾಲವನ್ನು ಸಂಸ್ಥೆಗೇ ಮರಳಿಸಲು ಮುಂದಾದರು. ಆ ಹಣ ನಿಮ್ಮ ಗುಂಪಿನಲ್ಲೇ ಇರಲಿ ಎಂದಿತು ಸಂಸ್ಥೆ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು. ಸಂಘದಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ ಎನ್ನುವುದು ಸುಮ್ಮನೆ ಅಲ್ಲ.

ನಮ್ಮ ಕರಾವಳಿಯಲ್ಲಿ ಜಗಳಕ್ಕೆ ಒಂದು ಕಾಲವೂ ಇದೆ! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ದುಡಿಮೆ ಕಡಿಮೆ. ಅದೇ ಹೊತ್ತಿಗೆ ಮಕ್ಕಳ ಪುಸ್ತಕ, ಚೀಲ, ಕೊಡೆ. ಎಲ್ಲರಿಗೂ ಒಟ್ಟಿಗೇ ಸಾಲ ಬೇಕು. 15 ಜನ ವಾರಕ್ಕೆ 20 ರೂಪಾಯಿ ಹಾಕಿದರೆ 12 ವಾರಕ್ಕೆ 3,600 ರೂಪಾಯಿ ಆಯಿತು. ಮೂವರು ತಲಾ 2,000 ಕೇಳಿದರೆ ಒಬ್ಬಳಾದರೂ ಬರಿಗೈಲಿ ಹೋಗಬೇಕು. ಆ ಹೊತ್ತಿಗೆ "ಅಧ್ಯಕ್ಷೆ ತನ್ನವರಿಗೇ ಕೊಟ್ಟಳು" ಎಂಬ ಗುಸುಗುಸು ಬಾವಿಕಟ್ಟೆಯಲ್ಲಿ ಹುಟ್ಟುತ್ತದೆ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಕನಿಷ್ಠ ಆರು ತಿಂಗಳ ವ್ಯವಹಾರ ನೋಡುತ್ತಾರೆ. ನಾಲ್ಕನೇ ತಿಂಗಳಲ್ಲಿ ಸಂಘ ಒಡೆದರೆ ಮತ್ತೆ ಮೊದಲಿನಿಂದ.

ಆದ್ದರಿಂದ ಸಾಲದ ಸರದಿಯನ್ನು ಯಾರೂ ಸಾಲ ಕೇಳುವ ಮೊದಲೇ ನಿರ್ಣಯಿಸಿ. ಕಾಯಿಲೆಗೆ ಮೊದಲೋ, ಶಾಲೆಗೆ ಮೊದಲೋ, ನೀವೇ ಹೇಳಿ. ಸಭೆಯಲ್ಲಿ ಸುತ್ತಿನಂತೆ ಪ್ರತಿಯೊಬ್ಬರಿಂದಲೂ ಮಾತು ಬರಲಿ. ಸುಮ್ಮನೆ ಕುಳಿತವಳು ಒಪ್ಪಿದ್ದಾಳೆ ಎಂದು ನಾವು ನಂಬುವುದಿಲ್ಲ. ದೂರು ಇದ್ದರೆ ಆಕೆಯ ಎದುರಿಗೇ, ಸಭೆಯಲ್ಲೇ, ಲೆಕ್ಕದ ಪುಸ್ತಕ ಬಿಚ್ಚಿಟ್ಟುಕೊಂಡು ಆಡಿ. ತೀರ್ಪು ಹೇಳಲು ಪ್ರೇರಕಿಯನ್ನು ಕರೆಯಬೇಡಿ. ಅವಳು ಹೇಳಿದ ತೀರ್ಪು ಅವಳು ಬಸ್ಸು ಹತ್ತುವವರೆಗೆ ಮಾತ್ರ!

ಮುಂದಿನ ವಾರ ನಿರ್ಣಯ ಪುಸ್ತಕ ತನ್ನಿ. ಸರದಿ ಬರೆದು, ಓದಿ ಹೇಳಿ, ಎಲ್ಲರ ಸಹಿ ಹಾಕಿಸಿ, ಓದು ಬಾರದ ಅಜ್ಜಿಯ ಹೆಬ್ಬೆಟ್ಟೂ ಇರಲಿ.