ಮೌಖಿಕ ಪರೀಕ್ಷೆಯ ಮೌನ ಮತ್ತು ನಮ್ಮ ಮನೆಗಳು

(ಕರಾವಳಿಯ ಪಟ್ಟಣವೊಂದರಲ್ಲಿ ಜರಗಿದ ಹೆತ್ತವರ ಸಭೆಯಲ್ಲಿ ದಂತವೈದ್ಯಕೀಯ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



2006ರಲ್ಲಿ ಸಾಚಾರ್ ಸಮಿತಿಯ ವರದಿ ಹೊರಬಂದ ಬಳಿಕ ನಮ್ಮ ವೇದಿಕೆಗಳಲ್ಲಿ ಶಿಕ್ಷಣದ ಕುರಿತು ಧಾರಾಳ ಚರ್ಚೆ ನಡೆದಿದೆ. ಆದರೆ ಆ ಚರ್ಚೆ ಹೆಚ್ಚಾಗಿ ಸೀಟು, ಶುಲ್ಕ, ವಿದ್ಯಾರ್ಥಿವೇತನಗಳಲ್ಲಿಯೇ ಮುಗಿದುಹೋಗುತ್ತದೆ. ಸೀಟು ದೊರೆತ ಮಗು ತರಗತಿಯೊಳಗೆ ಹೇಗೆ ಕಲಿಯುತ್ತದೆ ಎಂದು ನಾವು ವಿಚಾರಿಸುವುದಿಲ್ಲ. ನಾನು ಬಲ್ಲ ದಂತವೈದ್ಯಕೀಯ ಶಿಕ್ಷಣದ ಹಿನ್ನೆಲೆಯಲ್ಲಿ ಆ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಬಿಡಿಎಸ್‌ನ ಮೊದಲ ವರ್ಷ ವಿದ್ಯಾರ್ಥಿಗಳು ಮೇಣದಲ್ಲಿ ಹಲ್ಲಿನ ಆಕೃತಿಯನ್ನು ಕೆತ್ತಬೇಕು. ನನ್ನ ತರಗತಿಯ ಓರ್ವ ವಿದ್ಯಾರ್ಥಿನಿಯ ಕೈ ಅದರಲ್ಲಿ ಬಹಳ ಬೇಗ ಪಳಗಿತು. ಬಾಲ್ಯದಿಂದ ತಾಯಿಯ ಪಕ್ಕ ಕುಳಿತು ಬೀಡಿ ಸುತ್ತಿದ ಬೆರಳುಗಳವು. ಆದರೆ ಮೌಖಿಕ ಪರೀಕ್ಷೆಯಲ್ಲಿ ಆಕೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು. ಓದಿಲ್ಲವೆಂದು ತೀರ್ಮಾನಿಸಿ ನಾನು ಕಡಿಮೆ ಅಂಕ ಕೊಟ್ಟೆ. ಲಿಖಿತ ಉತ್ತರಪತ್ರಿಕೆ ನೋಡಿದಾಗಲೇ ನನ್ನ ತಪ್ಪು ತಿಳಿದದ್ದು. ನಾನು ಕೇಳಿದ್ದೆಲ್ಲವೂ ಆಕೆಗೆ ಗೊತ್ತಿತ್ತು. ವಿಚಾರಿಸಿದಾಗ, "ಹಿರಿಯರ ಮುಖ ನೋಡಿ ಮಾತಾಡಿ ಅಭ್ಯಾಸವಿಲ್ಲ ಸರ್" ಎಂದಳು.

ಮನೆ ಕಲಿಸಿದ ಮರ್ಯಾದೆಯನ್ನು ನಾನು ಅಜ್ಞಾನವೆಂದು ಭಾವಿಸಿದ್ದೆ. ಭಾಷೆಯದ್ದೂ ಇದೇ ಕಥೆ. ಉತ್ತರ ಮನಸ್ಸಿನಲ್ಲಿ ಕನ್ನಡದಲ್ಲೋ ಬ್ಯಾರಿಯಲ್ಲೋ ಮೂಡಿ ಇಂಗ್ಲಿಷಿಗೆ ತಿರುಗುವಷ್ಟರಲ್ಲಿ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಇದು ಮುಸ್ಲಿಮರೊಬ್ಬರ ಸಮಸ್ಯೆಯಲ್ಲ; ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದ ಎಲ್ಲ ಸಮುದಾಯಗಳ ಮಕ್ಕಳ ಸಂಕಟ.

ಮೂರನೆಯ ವರ್ಷ ರೋಗಿಗಳ ತಪಾಸಣೆ ಆರಂಭವಾಯಿತು. ಬಾಯಿ ಪೂರ್ತಿ ತೆರೆಯಲಾಗದ ವೃದ್ಧೆಯೊಬ್ಬರು ಬಂದರು. ತಂಬಾಕಿನ ಅಭ್ಯಾಸವಿದೆಯೇ ಎಂದು ನಮ್ಮದೇ ಸಮುದಾಯದ ವಿದ್ಯಾರ್ಥಿಯೊಬ್ಬ ಕೇಳಿ, "ಇಲ್ಲ" ಎಂದು ಬರೆದುಕೊಂಡ. ಮದುವೆ ಮನೆಯಲ್ಲಿ ಹರಿವಾಣ ತುಂಬ ಅಡಿಕೆ ಕಂಡು ಬೆಳೆದವನಿಗೆ ಅದೂ ಒಂದು ಚಟವೆಂದು ತೋಚಲೇ ಇಲ್ಲ. ಆಗ ಆ ವಿದ್ಯಾರ್ಥಿನಿ ಬಳಿಗೆ ಹೋಗಿ, "ಉಮ್ಮಾ, ಊಟದ ಬಳಿಕ ಬಾಯಿಗೆ ಏನು ಹಾಕುತ್ತೀರಿ?" ಎಂದು ಬ್ಯಾರಿಯಲ್ಲಿ ವಿಚಾರಿಸಿದಳು. ಹಲವು ವರ್ಷಗಳಿಂದ ಅಡಿಕೆ ಜಗಿಯುತ್ತಿರುವುದಾಗಿ ವೃದ್ಧೆ ಹೇಳಿದರು. ತಂಬಾಕು ಇಲ್ಲವೆಂದದ್ದು ಸುಳ್ಳಾಗಿರಲಿಲ್ಲ. ಆದರೆ ಬಾಯಿಯ ಒಳಪದರವನ್ನು ಗಡುಸಾಗಿಸಲು ಅಡಿಕೆಯೊಂದೇ ಸಾಕು. ಆ ಸ್ಥಿತಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಸ್ಪಷ್ಟಪಡಿಸಿದೆ.

ಒಂದೇ ಹಿನ್ನೆಲೆ ಒಬ್ಬನ ಕಣ್ಣಿಗೆ ಪರದೆಯಾಯಿತು, ಇನ್ನೊಬ್ಬಳಿಗೆ ಕೀಲಿಕೈಯಾಯಿತು. ವ್ಯತ್ಯಾಸವಿದ್ದದ್ದು ತನ್ನ ಮನೆಯ ರೂಢಿಯನ್ನು ಪ್ರಶ್ನಿಸುವ ಧೈರ್ಯದಲ್ಲಿ. ಮೊದಲ ವರ್ಷ ಬಾಯಿ ಬಿಡದ ಹುಡುಗಿ ಆ ಧೈರ್ಯ ಗಳಿಸಲು ಎರಡು ವರ್ಷ ಬೇಕಾಯಿತು. ಅಷ್ಟರೊಳಗೆ ಅನುತ್ತೀರ್ಣಳಾಗಿ ಮನೆ ಸೇರಿದ್ದರೆ ಆ ವೃದ್ಧೆಯ ಗತಿಯೇನು?

ಕೆಲವರು ಈ ಮೌನವನ್ನೇ ಧರ್ಮದ ಅದಬ್ ಎನ್ನುತ್ತಾರೆ. ಮದೀನಾದ ಅನ್ಸಾರಿ ಮಹಿಳೆಯರು ಅತ್ಯಂತ ಖಾಸಗಿ ವಿಷಯಗಳನ್ನೂ ಪ್ರವಾದಿಯವರ(ಸ) ಬಳಿ ಕೇಳಿ ತಿಳಿಯುತ್ತಿದ್ದರು. ಲಜ್ಜೆ ಅವರ ಕಲಿಕೆಗೆ ಅಡ್ಡಿಯಾಗಲಿಲ್ಲವೆಂದು ಹಜ್ರತ್ ಆಯಿಶಾ(ರ) ಅವರನ್ನು ಪ್ರಶಂಸಿಸಿದ್ದಾರೆ. ಹಾಗಿರುವಾಗ ನಮ್ಮ ಹೆಣ್ಣುಮಕ್ಕಳ ನಾಲಗೆಯನ್ನು ಕಟ್ಟಿಹಾಕಿದ್ದು ಧರ್ಮವಲ್ಲ, ನಮ್ಮ ರೂಢಿ.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ: ಮೊದಲ ಉತ್ತರ ಕನ್ನಡದಲ್ಲಿ ಬಂದರೂ ಆಲಿಸಿರಿ, ಬಳಿಕ ಇಂಗ್ಲಿಷ್ ಪದವನ್ನು ಕಲಿಸಿರಿ. ಹೆತ್ತವರೇ, ರಾತ್ರಿ ಊಟಕ್ಕೆ ಕುಳಿತಾಗ ಅಂಕವೆಷ್ಟು ಎಂದು ಕೇಳುವ ಬದಲು ಇಂದು ಯಾವ ಪ್ರಶ್ನೆ ಕೇಳಿದೆ ಎಂದು ಮಕ್ಕಳನ್ನು ವಿಚಾರಿಸಿರಿ. ಅವರು ನಿಮ್ಮ ಮಾತನ್ನೇ ಪ್ರಶ್ನಿಸಿದರೆ ಗದರಿಸದೆ ಉತ್ತರಿಸಿರಿ. ನಿಮ್ಮೆದುರು ಬಾಯಿ ತೆರೆಯಲು ಕಲಿತ ಮಗು ನಾಳೆ ಪರೀಕ್ಷಕರೆದುರೂ ರೋಗಿಯೆದುರೂ ನಿರ್ಭೀತಿಯಿಂದ ಮಾತಾಡೀತು.