ನಳಿಕೆಯೊಳಗಿನ ಮಡ್ಡಿ



ಜೀವಮಾನವೆಲ್ಲ ಹಳಗನ್ನಡದ ಪಾಠ ಹೇಳಿದವನು ಬಂದೂಕಿನ ಮಾತೆತ್ತಿದರೆ ನಿಮಗೆ ನಗು ಬಂದೀತು. ನಾನು ಹೇಳಹೊರಟಿರುವುದು ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವ ಏರ್‌ಸಾಫ್ಟ್ ಬಂದೂಕಿನ ವಿಷಯ. ಚಿತ್ತಾಪುರದ ನಾಗಾವಿ ಯಲ್ಲಮ್ಮನ ಜಾತ್ರೆಯಲ್ಲಿ ಮೊಮ್ಮಗನ ಹಟಕ್ಕೆ ಸೋತು ಅದನ್ನು ಕೊಡಿಸಿದ್ದೆ.

ಮೊದಲ ವಾರ ಹುಡುಗನು ಹತ್ತು ಹೆಜ್ಜೆ ದೂರದ ಬೆಂಕಿಪೊಟ್ಟಣವನ್ನು ಉರುಳಿಸುತ್ತಿದ್ದ. ಆಮೇಲೆ ಗುಂಡುಗಳು ಎತ್ತೆತ್ತಲೋ ಹೋಗತೊಡಗಿದವು. ‘ಮುತ್ಯಾ, ನಾ ಛಲೋ ನೋಡೇ ಹೊಡಿಲಾಕತ್ತೀನಿ’ ಎಂದ. ನಾನು ನಂಬಲಿಲ್ಲ. ಮನಸ್ಸು ಒಂದೆಡೆ ನಿಲ್ಲದವನಿಗೆ ಓದೂ ಇಲ್ಲ, ಗುರಿಯೂ ಇಲ್ಲವೆಂದು ಗದರಿದೆ. ಅವನು ಬಂದೂಕನ್ನು ಅಟ್ಟದ ಮೇಲಿಟ್ಟು, ನನ್ನೊಡನೆ ಮಾತನ್ನೂ ನಿಲ್ಲಿಸಿದ.

ನಮ್ಮ ನೆರೆಯಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಗುಂಡುಗಳನ್ನೆಲ್ಲ ತೆಗೆಸಿ, ನಳಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆ ಬೂದುಬಣ್ಣದ ಮಡ್ಡಿ ಅಂಟಿತ್ತು. ಹುಡುಗನು ಅಂಗಳದ ಶಹಾಬಾದ ಫರಸಿಯ ಮೇಲೆ ಬಿದ್ದ ಗುಂಡುಗಳನ್ನೇ ಆಯ್ದು ಮತ್ತೆ ತುಂಬುತ್ತಿದ್ದ. ಫರಸಿಯ ಧೂಳು ಎಣ್ಣೆಯ ಪಸೆಗೆ ಸೇರಿ ಗಟ್ಟಿಯಾಗಿತ್ತು.

ಇಲ್ಲಿ ಲೆಕ್ಕ ಬಹು ಸೂಕ್ಷ್ಮ. ಗುಂಡಿನ ವ್ಯಾಸ ಸುಮಾರು 5.95 ಮಿಲಿಮೀಟರ್, ಸಾಮಾನ್ಯ ನಳಿಕೆಯ ಒಳವ್ಯಾಸ 6.08ರ ಆಸುಪಾಸು, ಇಕ್ಕಟ್ಟಾದ ನಳಿಕೆಯದು 6.03. ನಡುವಣ ತೆರವು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಅದರಲ್ಲಿ ಒಂದು ಪಕ್ಕಕ್ಕೆ ಮಡ್ಡಿ ಕುಳಿತರೆ ಗುಂಡು ಅಲ್ಲಿ ಉಜ್ಜಿ ಅಡ್ಡಲಾಗಿ ಸುತ್ತುತ್ತದೆ. ಸುತ್ತುವ ಗುಂಡು ಗಾಳಿಯಲ್ಲಿ ಬಾಗಿ ಹೋಗುತ್ತದೆ. ಇಕ್ಕಟ್ಟಾದ ನಳಿಕೆಯೇ ಶ್ರೇಷ್ಠವೆಂಬ ಮಾತು ಅರ್ಧ ನಿಜ. ಗಾಳಿ ಕಡಮೆ ಸೋರಿ ವೇಗ ಹೆಚ್ಚುತ್ತದೆ, ದಿಟ. ಆದರೆ ಗುರಿಗೆ ಬೇಕಾದದ್ದು ಒಳಮೈ ಉದ್ದಕ್ಕೂ ಒಂದೇ ಸಮನಾಗಿ, ನಯವಾಗಿರುವುದು. ತೆರವು ಕಿರಿದಾದಷ್ಟೂ ಧೂಳಿನ ಕಣವೊಂದರ ಉಪದ್ರವ ಹಿರಿದು.

ಹಿಂದಿನ ಯೋಧರಿಗೂ ಈ ಪೇಚು ತಪ್ಪಿರಲಿಲ್ಲ. ಮದ್ದಿನ ಮಸಿ ಕಟ್ಟಿಕೊಂಡರೂ ಗುಂಡು ಇಳಿಯಲೆಂದು ಅವರು ನಳಿಕೆಗಿಂತ ಸಣ್ಣ ಗುಂಡನ್ನೇ ಬಳಸುತ್ತಿದ್ದರು. ಅದು ಒಳಗೆ ಅತ್ತಿತ್ತ ಬಡಿದು, ಕೊನೆಗೆ ಯಾವ ಪಕ್ಕಕ್ಕೆ ತಾಗಿತೋ ಅದಕ್ಕೆ ತಕ್ಕ ದಿಕ್ಕು ಹಿಡಿಯುತ್ತಿತ್ತು. ಸುರುಳಿಗೀರುಗಳ ರೈಫಲು ಗುರಿಯನ್ನು ಸರಿಪಡಿಸಿತಾದರೂ, ಮಸಿಯಿಂದ ಬಿಗಿಯಾದ ನಳಿಕೆಗೆ ಗುಂಡು ತುರುಕುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬಾತನ ಗುಂಡು ಈ ತೊಡಕನ್ನು ಬಿಡಿಸಿತು. ತುಂಬುವಾಗ ಸಡಿಲ, ಹಾರುವಾಗ ಅದರ ಟೊಳ್ಳು ಬುಡ ಹಿಗ್ಗಿ ಗೀರುಗಳನ್ನು ಕಚ್ಚುತ್ತಿತ್ತು. ಮಸಿಯೊಂದು ಎಷ್ಟು ತಲೆಗಳನ್ನು ಕೆಡಿಸಿತ್ತು, ನೋಡಿ!

ನಮ್ಮ ನೆರೆಯವರು ನನ್ನ ಹಳೆಯ ಧೋತರದ ಚೂರನ್ನು ಬಿದಿರುಕಡ್ಡಿಗೆ ಸುತ್ತಿ, ನಳಿಕೆಯನ್ನು ಮೂರು ಸಲ ಒರೆಸಿದರು. ತಂತಿ ಹಾಕಿದರೆ ಗೀರು ಬೀಳುವುದೆಂದು ಎಚ್ಚರಿಸಿದರು. ಹೊಸ ಗುಂಡುಗಳನ್ನು ತುಂಬಿ ಹುಡುಗನನ್ನು ಕರೆದೆವು. ಐದರಲ್ಲಿ ನಾಲ್ಕು ಪೊಟ್ಟಣಕ್ಕೆ ತಾಗಿದವು. ತಪ್ಪು ನನ್ನದೆಂದು ಅವನ ಮುಂದೆಯೇ ಒಪ್ಪಿಕೊಂಡೆ. ನೂರಾರು ವಿದ್ಯಾರ್ಥಿಗಳ ಮುಂದೆ ನಿಂತಾಗಲೂ ನಾಲಗೆ ಅಷ್ಟು ತಡವರಿಸಿರಲಿಲ್ಲ. ಅವನು ಒಂದು ಗಳಿಗೆ ಸುಮ್ಮನಿದ್ದು, ಬಂದೂಕನ್ನು ನನ್ನತ್ತ ಚಾಚಿ, ‘ಮುತ್ಯಾ, ಈಗ ನೀ ಹೊಡಿ’ ಎಂದ.

ನಳಿಕೆ ಶುಭ್ರವಾಗಿತ್ತು. ನನ್ನ ಗುಂಡು ಪೊಟ್ಟಣದಿಂದ ಗೇಣುದ್ದ ಆಚೆ ಹೋಗಿ ಗೋಡೆಗೆ ಬಡಿಯಿತು.