ಸಾಲು ತಪ್ಪಿಸುವ ಚೀಟಿ

(ಸಂಘದ ಸಭಾಗೃಹದಲ್ಲಿ ಮಾಡಿದ ಭಾಷಣದ ಪಠ್ಯ)



ಸಂಘದ ವೇದಿಕೆಯಿಂದ ಮನರಂಜನಾ ಉದ್ಯಾನದ ಟಿಕೆಟ್ಟಿನ ಕುರಿತು ಮಾತನಾಡುವುದು ಕೆಲವರಿಗೆ ಹಗುರವೆನಿಸಬಹುದು. ಆದರೆ ಮಕ್ಕಳ ವಿಭಾಗದ ಪ್ರವಾಸವನ್ನು ಈ ಬಾರಿ ಖೋಪೋಲಿಯ ಇಮ್ಯಾಜಿಕಾಕ್ಕೆ ಒಯ್ಯಬೇಕೆಂದು ನಿರ್ಧಾರವಾದ ದಿನದಿಂದ ಸಮಿತಿಯೊಳಗೆ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿದೆ. ಪ್ರವೇಶದ ಹಣವನ್ನು ಸಂಘ ಕೊಡುತ್ತದೆ. ಅದರ ಮೇಲೆ ಹೆಚ್ಚಿನ ಹಣ ತೆತ್ತು ಸಾಲು ತಪ್ಪಿಸುವ ಪಾಸನ್ನು, ಬೇಕಾದ ಪಾಲಕರು ತಮ್ಮ ಮಕ್ಕಳಿಗಾಗಿ ಸ್ವಂತ ಖರ್ಚಿನಲ್ಲಿ ಕೊಳ್ಳಬಹುದೆ? ಅದು ಕೊಳ್ಳತಕ್ಕ ವಸ್ತುವೆ?

ಮುಂಬಯಿಯ ನಮಗೆ ಇಂಥ ಉದ್ಯಾನಗಳ ಪರಿಚಯವಾದದ್ದು 1989ರಲ್ಲಿ, ಗೊರಾಯಿಯ ಎಸ್ಸೆಲ್‌ವರ್ಲ್ಡ್‌ನಿಂದ. ದೋಣಿಯಲ್ಲಿ ಖಾರಿ ದಾಟಿ ಹೋಗುವುದೇ ಮಕ್ಕಳಿಗೆ ಅರ್ಧ ಆಟವಾಗಿತ್ತು. 2022ರಲ್ಲಿ ಅದು ಬಾಗಿಲು ಮುಚ್ಚಿತು. ಇಮ್ಯಾಜಿಕಾ ತೆರೆದದ್ದು 2013ರಲ್ಲಿ. ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿಯ ವಂಡರ್‌ಲಾವನ್ನು ಊರಿಗೆ ಹೋದಾಗಲೆಲ್ಲ 2005ರಿಂದ ಕಾಣುತ್ತ ಬಂದಿದ್ದೇವೆ. ವೇಗದ ಸಾಲಿಗೆ ಬೇರೆ ದರದ ಟಿಕೆಟ್ಟು ಮಾರುವ ಪದ್ಧತಿ ಈ ಎರಡು ಕಡೆಯೂ ಬಂದಿದೆ.

ಈ ಪದ್ಧತಿಯ ಚರಿತ್ರೆ ಸ್ವಾರಸ್ಯವಾಗಿದೆ. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಬಹುಕಾಲ ಆಟ ಆಟಕ್ಕೂ ಚೀಟಿ ಹರಿದು ಕೊಡಬೇಕಿತ್ತು. ಎ, ಬಿ, ಸಿ ಎಂದು ದರ್ಜೆಗಳು. 1959ರಲ್ಲಿ ಎಲ್ಲಕ್ಕೂ ಮೇಲಿನ ಇ ದರ್ಜೆ ಸೇರಿತು. 1982ರಲ್ಲಿ ಆ ಚೀಟಿಗಳು ಹೋದವು. ದ್ವಾರದಲ್ಲಿ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಒಳಗೆ ತಾಳ್ಮೆಯೊಂದೇ ನಾಣ್ಯ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಕೂಡ ಉಚಿತವಾಗಿಯೇ ಇತ್ತು: ಯಂತ್ರವು ಒಂದು ಸಮಯವನ್ನು ಅಚ್ಚುಮಾಡಿ ಕೊಡುತ್ತಿತ್ತು, ಆ ವೇಳೆಗೆ ಮರಳಿದರೆ ಸಾಕು. 2021ರಲ್ಲಿ ಅದರ ಸ್ಥಾನಕ್ಕೆ ಹಣದ ಪಾಸು ಬಂತು. ಫ್ಲಾರಿಡಾದ ಉದ್ಯಾನಗಳಲ್ಲಿ ಆರಂಭದ ದರ ತಲೆಗೆ ದಿನಕ್ಕೆ 15 ಡಾಲರ್. 2024ರಲ್ಲಿ ಅಲ್ಲಿಯೇ ಪ್ರಕಟವಾದ ಪ್ರೀಮಿಯರ್ ಪಾಸಿಗೆ, ದಿನ ಮತ್ತು ಉದ್ಯಾನವನ್ನು ನೋಡಿ, 129ರಿಂದ 449 ಡಾಲರ್. ಪ್ರವೇಶದ ಹಣ ಬೇರೆ. ಮುಂಬಾಗಿಲಿನಿಂದ ಕಳಿಸಿದ ದರ್ಜೆ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಿದೆ.

ಇನ್ನು ಲೆಕ್ಕ. ನಾನು ಬ್ಯಾಂಕಿನಲ್ಲಿ ದುಡಿದವನು, ಲೆಕ್ಕವಿಲ್ಲದೆ ನನಗೆ ಸಮಾಧಾನವಿಲ್ಲ. ಒಂದು ಆಟದ ಗಾಡಿಯಲ್ಲಿ 20 ಆಸನಗಳಿವೆ, ಎರಡು ನಿಮಿಷಕ್ಕೊಮ್ಮೆ ಅದು ಹೊರಡುತ್ತದೆ ಎಂದುಕೊಳ್ಳಿ. ಗಂಟೆಗೆ 600 ಜನ. ನಿಮ್ಮ ಮುಂದೆ 300 ಜನರಿದ್ದರೆ ಅರ್ಧ ಗಂಟೆ ಕಾಯಬೇಕು. ಅರ್ಧದಷ್ಟು ಆಸನ ಪಾಸಿನವರ ಪಾಲಾದರೆ ಅದೇ ಜಾಗದಲ್ಲಿ ನಿಂತವನು ಒಂದು ಗಂಟೆ ಕಾಯುತ್ತಾನೆ. ಪಾಸಿನಿಂದ ಗಾಡಿಗೆ ಒಂದು ಆಸನವೂ ಹೆಚ್ಚುವುದಿಲ್ಲ. ನನಗೆ ಉಳಿದ ಸಮಯ ಇನ್ನೊಬ್ಬರ ಕಾಲಿನ ನೋವಿನಿಂದ ಬಂದದ್ದು.

ಹಾಗೆಂದು ಅದು ನಿರರ್ಥಕವೆಂದು ನಾನು ಹೇಳಲಾರೆ. ದೀಪಾವಳಿ ರಜೆಯ ದಿನ ಆರು ಆಟಗಳಲ್ಲಿ ತಲಾ 40 ನಿಮಿಷ ಉಳಿದರೆ ನಾಲ್ಕು ಗಂಟೆಯಾಯಿತು. ದೂರದಿಂದ ಬಂದು ಸಂಜೆಯ ಗಾಡಿ ಹಿಡಿಯಬೇಕಾದವನಿಗೆ ಅದು ದುಬಾರಿಯಲ್ಲ. ಮಳೆಗಾಲದ ಮಂಗಳವಾರ ಹತ್ತು ನಿಮಿಷವೂ ಕಾಯಬೇಕಿಲ್ಲದ ಕಡೆ ಅದನ್ನು ಕೊಂಡರೆ ಹಣ ನೀರುಪಾಲು. ಎಲ್ಲರೂ ಕೊಂಡ ದಿನವಂತೂ ಪಾಸಿನವರದೇ ಒಂದು ಉದ್ದನೆಯ ಸಾಲು!

ನನ್ನ ಸ್ವಂತ ಅನುಭವವನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ, ಹೆಸರು ಬೇಡ, ಒಂದು ಉದ್ಯಾನಕ್ಕೆ ಮಗಳ ಸಂಸಾರದೊಡನೆ ಹೋಗಿದ್ದೆ. ಉತ್ಸಾಹದಲ್ಲಿ ಐದು ಜನಕ್ಕೂ ಪಾಸು ಕೊಂಡೆ. ಮೊದಲ ಆಟದ ಬಾಗಿಲಲ್ಲೇ ಅಲ್ಲಿಯ ಹುಡುಗ ಮೊಮ್ಮಗಳನ್ನು ಅಳತೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿದ. ಮೂರು ಬೆರಳು ಕಡಿಮೆ. ಪಾಸಿನಲ್ಲಿದ್ದ ಏಳು ಆಟಗಳಲ್ಲಿ ಅವಳಿಗೆ ದಕ್ಕಿದ್ದು ಎರಡು. ರಕ್ತದೊತ್ತಡದ ನನಗೆ ಒಂದೂ ಇಲ್ಲ. ಕೊಟ್ಟ ಹಣ ಮರಳಲಿಲ್ಲ. ನಿಯಮವನ್ನು ಓದದೆ ಕೊಂಡವನು ನಾನೇ.

ಅದಕ್ಕಿಂತ ನೆನಪಿನಲ್ಲಿ ಉಳಿದದ್ದು ಬೇರೊಂದು. ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಒಂದು ಕುಟುಂಬ ನಮ್ಮ ಚಕ್ಕುಲಿಯನ್ನು ಹಂಚಿಕೊಂಡಿತ್ತು, ಮಕ್ಕಳು ಮಕ್ಕಳೊಡನೆ ಆಡಿದ್ದರು. ಒಳಗೆ ಅವರು ಸಾಮಾನ್ಯ ಸಾಲಿನಲ್ಲಿದ್ದರು. ಮೊದಲ ಸಲ ನಾವು ಪಕ್ಕದ ಗೇಟಿನಿಂದ ಹಾದುಹೋದಾಗ ಆ ಗೃಹಸ್ಥರು ನಕ್ಕು ಕೈಬೀಸಿದರು. ಎರಡನೆಯ ಆಟದ ಬಳಿ ಅವರು ಮೊಬೈಲನ್ನು ನೋಡುತ್ತಿದ್ದರು. ನಾನು ಗೋಡೆಯ ಮೇಲಿನ ಸೂಚನಾಫಲಕವನ್ನು ಓದುತ್ತಿದ್ದೆ. ಸಂಜೆ ಮರಳುವ ಬಸ್ಸಿನಲ್ಲಿ ಬೇರೆ ಬೇರೆ ಕಡೆ ಕುಳಿತೆವು.

ನಾನು 1974ರಲ್ಲಿ ಈ ನಗರಕ್ಕೆ ಬಂದಾಗ ಹಗಲು ಹೋಟೆಲಿನ ಕೆಲಸ, ರಾತ್ರಿ ಶಾಲೆ. ಬೆಸ್ಟ್ ಬಸ್ಸಿನ ಕ್ಯೂನಲ್ಲಿ ನನ್ನ ಹಿಂದೆ ಟೈ ಕಟ್ಟಿದ ಸಾಹೇಬರು ನಿಂತಿರುತ್ತಿದ್ದರು. ಹೋಟೆಲಿನ ಮಾಣಿಯಾದ ನನ್ನನ್ನು ಹಿಂದಕ್ಕೆ ಸರಿ ಎಂದು ಯಾರೂ ಹೇಳಲಿಲ್ಲ. ಊರಿನಲ್ಲಿ ದೊರೆಯದಿದ್ದ ಮರ್ಯಾದೆ ಅಲ್ಲಿ ದೊರೆಯಿತು. ಈ ಸಭೆಯಲ್ಲಿ ಹಿರಿಯರನೇಕರು ಆ ಸಾಲಿನಲ್ಲಿ ನಿಂತವರೇ.

ಸ್ನೇಹಿತರೊಬ್ಬರು ಕೇಳಿದರು: ತಿರುಪತಿಯಲ್ಲಿ 300 ರೂಪಾಯಿಯ ದರ್ಶನಕ್ಕೆ ನೀವು ಹೋಗಿಲ್ಲವೆ? 1997ರಲ್ಲಿ ಆರಂಭವಾದ ತತ್ಕಾಲ್ ಟಿಕೆಟ್ಟಿನಲ್ಲಿ ಊರಿಗೆ ಹೋಗಿಲ್ಲವೆ? ಹೋಗಿದ್ದೇನೆ, ಎರಡಕ್ಕೂ. ಒಬ್ಬ ಗೃಹಸ್ಥ ತನ್ನ ಹಣದಿಂದ ತನ್ನ ವೇಳೆಯನ್ನು ಉಳಿಸಿಕೊಂಡರೆ ಸಂಘ ಅವನನ್ನು ವಿಚಾರಿಸಬೇಕಿಲ್ಲ. ಆದರೆ ಪ್ರವಾಸ ಸಂಘದ್ದು. ಒಂದೇ ಬಸ್ಸಿನಲ್ಲಿ ಕ್ಯಾಂಟೀನ್ ನೌಕರನ ಮಗನೂ ಲೆಕ್ಕಪರಿಶೋಧಕರ ಮಗಳೂ ಹೋಗುತ್ತಾರೆ. ವಾರವಾರ ಕನ್ನಡ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರಿಸಿದ ಮಕ್ಕಳನ್ನು ಖೋಪೋಲಿಯಲ್ಲಿ ನಾವೇ ಎರಡು ಸಾಲು ಮಾಡಿ ನಿಲ್ಲಿಸಬೇಕೆ?

ಆದ್ದರಿಂದ ನನ್ನ ಸಲಹೆ: ಪಾಸು ಕೊಂಡರೆ ಎಲ್ಲರಿಗೂ, ಇಲ್ಲವಾದರೆ ಯಾರಿಗೂ ಬೇಡ. ಎಲ್ಲರಿಗೂ ಕೊಳ್ಳುವ ಶಕ್ತಿ ನಮ್ಮ ಖಜಾನೆಗಿಲ್ಲವೆಂದು ಕೋಶಾಧಿಕಾರಿಗಳ ಮುಖವೇ ಹೇಳುತ್ತಿದೆ. ಭಾನುವಾರವನ್ನು ಬಿಟ್ಟು, ಪರೀಕ್ಷೆ ಮುಗಿದ ಮೇಲೆ ವಾರದ ನಡುವಿನ ಒಂದು ದಿನ ಹೋಗೋಣ; ದ್ವಾರ ತೆರೆಯುವ ಮೊದಲೇ ತಲುಪಿ, ಉಳಿದವರು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ದೊಡ್ಡ ಆಟಗಳನ್ನು ಮುಗಿಸೋಣ. ನಿಲ್ಲಲಾಗದ ಮಕ್ಕಳಿದ್ದರೆ ಉದ್ಯಾನದವರಿಗೆ ಮುಂಚೆಯೇ ಪತ್ರ ಬರೆಯುವ ಹೊಣೆ ಕಾರ್ಯದರ್ಶಿಗಳದು. ಮುಂದಿನ ಶನಿವಾರದ ತರಗತಿಗೆ ಅಳತೆಯ ಟೇಪನ್ನು ನಾನು ತರುತ್ತೇನೆ. ಪಾಲಕರು ಮಕ್ಕಳನ್ನು ತಪ್ಪದೆ ಕಳಿಸಬೇಕು.